ತೋಟ ಮಾಡಿದ ವರ್ಷದ ಮಣ್ಣು

ಪಾತ್ರೆ ತೊಳೆದ ನೀರನ್ನು ಬಸಳೆ ಬುಡಕ್ಕೆ ಚೆಲ್ಲಲು ಹೋದಾಗ, ಅಡಿಕೆ ಸಾಲಿನ ನಡುವಿನ ಹಲಸಿನ ಮರದ ಕೆಳಗೆ ಭಾವನಾ ಕುಳಿತಿದ್ದಳು. ನನ್ನನ್ನು ಕಂಡದ್ದೇ ಕೈಯನ್ನು ಬೆನ್ನ ಹಿಂದೆ ಅಡಗಿಸಿದಳು. ಹೆರಿಗೆಗೆಂದು ಕೋಡಿಂಬಾಳಕ್ಕೆ, ನಮ್ಮ ಮನೆಗೆ, ಬಂದಿರುವ ಮಗಳು. ಈಗಲೂ ಅಡಗಿಸುವುದು ಚಿಕ್ಕಂದಿನ ಹಾಗೆಯೇ.

“ತೋರಿಸು ನೋಡುವ.”

“ಎಂತ ಇಲ್ಲಮ್ಮ.”

“ಎಂತ ಇಲ್ಲದಿದ್ರೆ ತುಟಿ ಯಾಕೆ ಕೆಂಪಾದ್ದು?”

ಮುಷ್ಟಿ ಬಿಚ್ಚಿದಳು. ಹಲಸಿನ ಬುಡದ ಮಣ್ಣು. “ತಿನ್ನಲಿಲ್ಲ, ನಾಲಗೆಗೆ ತಾಗಿಸಿದ್ದು ಅಷ್ಟೆ. ನನಗೆ ಮಾವಿನಕಾಯಿಯೂ ಬೇಡ, ಸ್ವೀಟೂ ಬೇಡ. ಬೆಳಿಗ್ಗೆ ಎದ್ದರೆ ಇದರದ್ದೇ ನೆನಪು.”

ನಾನು ಬೈಯುವುದಾದರೂ ಹೇಗೆ? ಅವಳು ಹೊಟ್ಟೆಯಲ್ಲಿದ್ದಾಗ ನಾನೂ ಇದೇ ಬುಡದಿಂದ ಚಿಟಿಕೆ ಚಿಟಿಕೆ ಎತ್ತಿ ಬಾಯಿಗೆ ಹಾಕಿಕೊಂಡವಳು. ಅತ್ತೆ ಕಂಡೂ ಕಾಣದ ಹಾಗೆ ದಾಟಿ ಹೋಗುತ್ತಿದ್ದರು. ಮೊದಲ ಮಳೆಗೆ ನೆಲದಿಂದ ಏಳುವ ಪರಿಮಳವೇ ನಾಲಗೆಯ ಮೇಲೆ ಕರಗಿದ ಹಾಗಿತ್ತು.

“ಪುತ್ತೂರು ದರ್ಬೆಯ ಡಾಕ್ಟರು ಹೇಳಿದ್ದಲ್ವಾ, ರಕ್ತದಲ್ಲಿ ಕಬ್ಬಿಣ ಕಮ್ಮಿ ಉಂಟು, ಅದಕ್ಕೇ ಈ ಆಸೆ ಅಂತ. ಮಾತ್ರೆ ತಗೊಂಡ್ಯಾ?”

“ತಗೊಂಡೆ. ಆದ್ರೆ ಮಾತ್ರೆಗೆ ಈ ಪರಿಮಳ ಇಲ್ವಲ್ಲಮ್ಮ.”

ಮಧ್ಯಾಹ್ನ ಇವರು, ನನ್ನ ಗಂಡ ಕೃಷ್ಣಮೋಹನ, ಪುತ್ತೂರಿನಿಂದ ಬಂದರು. ಅಡಿಕೆಯ ಸೋಗೆ ಹಳದಿಯಾಗುತ್ತಿದೆಯೆಂದು ಹಲಸಿನ ಸುತ್ತಲಿನ ಮಣ್ಣನ್ನು ಪರೀಕ್ಷೆಗೆ ಕೊಟ್ಟಿದ್ದರು. ಅನ್ನ ಬಡಿಸುತ್ತಾ ಏನಾಯಿತೆಂದು ಕೇಳಿದೆ.

“ಮಣ್ಣು ಹುಳಿ ಆಗಿದೆಯಂತೆ, ಸುಣ್ಣ ಹಾಕ್ಬೇಕಂತೆ. ಮತ್ತೆ ತಾಮ್ರ! ಬೇಕಾದ್ದಕ್ಕಿಂತ ಎಷ್ಟೋ ಪಾಲು ಜಾಸ್ತಿ ಉಂಟಂತೆ.”

“ತಾಮ್ರ ಎಲ್ಲಿಂದ ಬಂತು?”

“ನಾವೇ ಹಾಕಿದ್ದು ಮಾರಾಯ್ತಿ. ಅಡಿಕೆಯ ಕೊಳೆರೋಗಕ್ಕೆ ಪ್ರತಿ ಮಳೆಗಾಲ ಮದ್ದು ಬಿಡುದಲ್ವಾ? ಅದರ ಮೈಲುತುತ್ತು ಅಂದ್ರೆ ತಾಮ್ರವೇ. ಸುಣ್ಣ ಆದ್ರೆ ಮಳೆಗೆ ತೊಳೆದು ಹೋಗ್ತದೆ. ತಾಮ್ರ ಎಲ್ಲಿಗೂ ಹೋಗುದಿಲ್ಲ, ಮಣ್ಣಲ್ಲೇ ಕೂತ್ಕೊಳ್ತದೆ.”

ಭಾವನಾಳ ಕೈ ಅನ್ನದಲ್ಲೇ ನಿಂತಿತು. ಇನ್ನೊಂದು ಕೈಯಿಂದ ಹೊಟ್ಟೆ ಮುಟ್ಟಿಕೊಂಡಳು. “ಇನ್ನು ಆ ಕಡೆ ಹೋಗುದಿಲ್ಲಮ್ಮ,” ಎಂದಳು. ಇವರಿಗೆ ಅದು ಅರ್ಥವಾಗಲಿಲ್ಲ, ಮಜ್ಜಿಗೆ ಕೇಳಿದರು.

ಹೇಳಿದ ಹಾಗೆ ಅವಳು ಹೋಗಲೇ ಇಲ್ಲ. ಆದರೆ ನಾನು ಅಂಗಳಕ್ಕೆ ನೀರು ಚಿಮುಕಿಸುವಾಗ ಬಾಗಿಲಿಗೆ ಬಂದು ಮೂಗರಳಿಸಿ ನಿಲ್ಲುತ್ತಿದ್ದಳು. ಸಿಮೆಂಟಿನ ಅಂಗಳ; ಪರಿಮಳ ಎಲ್ಲಿಂದ ಬರಬೇಕು? ಸಪ್ಪೆ ಮುಖ ಮಾಡಿ ಒಳಗೆ ಹೋಗುತ್ತಿದ್ದಳು. ಆಗೆಲ್ಲ ನನ್ನ ಬಾಯಿಯಲ್ಲೂ ನೀರೂರುತ್ತಿತ್ತು. ಮರ ಅಲ್ಲೇ ಇದೆ, ಬಣ್ಣವೂ ಅದೇ ಕೆಂಪು. ನಾನು ತಿಂದ ಮಣ್ಣು ಮಾತ್ರ ಈಗ ಅಲ್ಲಿಲ್ಲ.

ಒಂದು ಬೆಳಿಗ್ಗೆ ಬಚ್ಚಲ ಒಲೆಗೆ ಕಟ್ಟಿಗೆ ತರಲು ಕೊಟ್ಟಿಗೆಗೆ ಹೋದೆ. ಎಳೆದ ಕಟ್ಟಿಗೆ ತಾಗಿ ಮಣ್ಣಿನ ಗೋಡೆಯಿಂದ ಒಂದು ಹೆಂಟೆ ಉದುರಿತು. ಒಳಗೆ ಕೆಂಪು, ಆಗಷ್ಟೇ ಅಗೆದ ಹಾಗೆ. ಈ ಗೋಡೆ ಮಾವ ಇಟ್ಟದ್ದು. ಗುಡ್ಡ ಕಡಿದು ತೋಟ ಮಾಡಿದ ವರ್ಷ, ಅಡಿಕೆ ಗಿಡ ನೆಡುವುದಕ್ಕೂ ಮೊದಲು, ಹಲಸಿನ ಪಕ್ಕದಲ್ಲಿ ಅಗೆದ ಮಣ್ಣನ್ನು ತುಳಿದು ಕಲಸಿದ್ದಂತೆ. ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದರು. ಮದ್ದಿನ ಒಂದು ಹನಿ ಬೀಳುವ ಮೊದಲೇ ಈ ಮಣ್ಣು ಗೋಡೆಯಾಗಿ ಮಾಡಿನ ಅಡಿ ಸೇರಿತ್ತು.

ಕಟ್ಟಿಗೆ ಅಲ್ಲೇ ಬಿಟ್ಟು ಮಗಳನ್ನು ಕರೆದೆ. ಚೆಂಬಿನಿಂದ ಗೋಡೆಗೆ ನೀರು ಚಿಮುಕಿಸಿದೆ. ಗೋಡೆ ಅದನ್ನು ಕುಡಿದುಬಿಟ್ಟಿತು. ಮತ್ತೊಮ್ಮೆ ಚಿಮುಕಿಸಿದೆ. ಪರಿಮಳ ಎದ್ದಿತು.

“ತಿನ್ನುದು ಬೇಡ, ಮಾತ್ರೆ ಬಿಡುದೂ ಬೇಡ. ಮೂಸುದು ಮಾತ್ರ, ಆಯ್ತಾ?”

ಅವಳು ಗೋಡೆಗೆ ಹಣೆಯಿಟ್ಟು ಕಣ್ಣು ಮುಚ್ಚಿದಳು. ಉದ್ದಕ್ಕೆ ಉಸಿರೆಳೆದಳು. “ಒಳಗೆ ಒದಿತಾ ಉಂಟಮ್ಮ!” ಎಂದು ನಕ್ಕಳು. ನಾನೂ ಅವಳ ಪಕ್ಕದಲ್ಲಿ ಗೋಡೆಗೆ ಮುಖವಿಟ್ಟೆ.

“ಅಮ್ಮ ಮಗಳು ಇಬ್ಬರೂ ಗೋಡೆಗೆ ಅಂಟಿಕೊಂಡು ಎಂತ ಮಾಡುದು? ಹಲ್ಲಿಗಳ ಹಾಗೆ?” ಇವರ ಸ್ವರ ಬಾಗಿಲಲ್ಲಿ.

“ಎಂತ ಇಲ್ಲ ಮಾರಾಯ್ರೆ,” ಎಂದೆ, ತಿರುಗದೆ.

ಇವರು ಹೋದ ಮೇಲೆ ಭಾವನಾ ನನ್ನನ್ನೇ ನೋಡಿದಳು.

“ಎಂತ ಇಲ್ಲದಿದ್ರೆ ತುಟಿ ಯಾಕೆ ಕೆಂಪಾದ್ದು?”

ಸೆರಗಿನಿಂದ ಬಾಯಿ ಒರೆಸಿಕೊಂಡೆ. ಅದೇ ರುಚಿ.