ಹಳದಿ ಪಟ್ಟಿ

ಪಟ್ಟಿ ಕಳಚಲೇ ಇಲ್ಲ. ಮಿಸ್ಬಾಹ್ ಎರಡು ಬೆರಳು ತೂರಿಸಿ ಎಳೆದ. ಮಯ್ಯತ್ತಿನ ಮಣಿಕಟ್ಟು ತಣ್ಣಗೆ ಕೊರೆಯುತ್ತಿತ್ತು.

"ಎಂತ ಮಾರಾಯ ಅದು?" ಸ್ನಾನ ಮಾಡಿಸಲು ನೀರು ಹಿಡಿದು ನಿಂತಿದ್ದ ಆಶಿಕ್ ಕೇಳಿದ. ಸತ್ತವರ ಹೆಂಡತಿಯ ತಮ್ಮ ಅವನು, ಬೆಳಿಗ್ಗೆಯಷ್ಟೇ ದೂರದ ಜಿಜಾನಿನಿಂದ ಬಂದಿದ್ದ.

"ಆಸ್ಪತ್ರೆಯದ್ದು. ಕತ್ತರಿ ಕೊಡು."

"ಹಳದಿ ಯಾಕೆ? ನನಗೆ ಅಪೆಂಡಿಕ್ಸ್ ಆದಾಗ ಬಿಳಿ ಕಟ್ಟಿದ್ರು."

ಮಿಸ್ಬಾಹ್ ಕತ್ತರಿ ತೆಗೆದುಕೊಂಡು ಪಟ್ಟಿ ಕತ್ತರಿಸಿದ. ಬಿಳಿಯೆಂದರೆ ದಾಖಲಾದ ರೋಗಿ. ಹಳದಿಯೆಂದರೆ ಅಬ್ಸರ್ವೇಶನ್, ಒಂದು ದಿನ ನೋಡಿ ಮನೆಗೆ ಕಳಿಸುವವರು. ಇದನ್ನು ಅವನಿಗೆ ಕಲಿಸಿದ್ದೇ ಈಗ ಹಲಗೆಯ ಮೇಲೆ ಮಲಗಿರುವ ಕಮಾಲುದ್ದೀನ್, ಅವನ ಕಮಾಲಾಕ. ರಿಯಾದಿನ ಹತ್ತಿರದ ಅಲ್ ಖರ್ಜಿನಲ್ಲಿ, ಮಿಸ್ಬಾಹನೂ ಕೆಲಸ ಮಾಡುವ ಆಸ್ಪತ್ರೆಯ ಬಿಲ್ಲಿಂಗ್ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ಕೂತು, ಕಂಡವರ ಕಾಯಿಲೆಗಳನ್ನೆಲ್ಲ ಕೋಡ್ ನಂಬರು ಮಾಡಿದ ಮನುಷ್ಯ. ಕತ್ತರಿಸಿದ ಪಟ್ಟಿಯನ್ನು ಬಿಸಾಡಲು ಮನಸ್ಸಾಗದೆ ಮಿಸ್ಬಾಹ್ ಜೇಬಿಗೆ ಹಾಕಿಕೊಂಡ.

"ಭಾವನದ್ದು ಒಂದು ಹಠ," ಎಂದ ಆಶಿಕ್. "ಯಾರು ಹೇಳಿದ್ರೂ ಕೇಳದೆ ಆಸ್ಪತ್ರೆಯಿಂದ ಎದ್ದು ಬಂದ್ರಂತೆ. ಅಕ್ಕನಿಗೆ ಅದೇ ಸಿಟ್ಟು. ಒಂದು ಹನಿ ಕಣ್ಣೀರು ಹಾಕ್ಲಿಲ್ಲ ಅವಳು."

ಮಿಸ್ಬಾಹ್ ಕತ್ತರಿ ಕೆಳಗಿಟ್ಟು ನೀರಿಗೆ ಕೈ ಚಾಚಿದ.

*

ಗುರುವಾರ ಮಧ್ಯಾಹ್ನ ಕಮಾಲಾಕ ಎದೆ ಹಿಡಿದುಕೊಂಡು ತನ್ನ ಕುರ್ಚಿಯಿಂದಲೇ ಎಮರ್ಜೆನ್ಸಿಗೆ ಹೋಗಿದ್ದರು. ಡಾಕ್ಟರು ದಾಖಲಿಸಿ ಎಂದೇ ಬರೆದರು. ಆದರೆ ದಾಖಲಿಸಲು ವಿಮೆಯವರ ಒಪ್ಪಿಗೆ ಬರಬೇಕು. ಅಲ್ಲಿಯವರೆಗೆ ಸ್ಟ್ರೆಚರೇ ಗತಿ.

"ಅಬ್ಸರ್ವೇಶನ್ ಕೋಡ್ ಹಾಕು ಮಾರಾಯ," ಎಂದರು ಕಮಾಲಾಕ. ಮೂಗಿಗೆ ಆಕ್ಸಿಜನ್ ಇದ್ದರೂ ಮೇಷ್ಟರಿಕೆ ಬಿಟ್ಟಿರಲಿಲ್ಲ. "ಕೂಡಲೇ ಬೆಡ್ ಸಿಗ್ತದೆ. ಒಪ್ಪಿಗೆ ಬಂದ ಮೇಲೆ ಬದಲಿಸು. ಇಪ್ಪತ್ತನಾಲ್ಕು ಗಂಟೆ ಅಷ್ಟೇ ಟೈಮು, ಮರೀಬೇಡ."

"ನಾನು ಮರೆಯುದುಂಟಾ ಕಮಾಲಾಕ?"

ಒಪ್ಪಿಗೆ ಸಂಜೆ ಐದಕ್ಕೇ ಬಂತು. ಮಿಸ್ಬಾಹ್ ಅದನ್ನು ನೋಡಿದ ಕೂಡ. ಅಷ್ಟರಲ್ಲಿ ರಿಯಾದಿಗೆ ಹೊರಟ ಗೆಳೆಯರ ಕಾರು ಕೆಳಗೆ ಹಾರ್ನ್ ಹೊಡೆಯಿತು, ಶುಕ್ರವಾರದ ರಜೆ ಬೇರೆ. ಎರಡು ಗುಂಡಿ ಒತ್ತುವ ಕೆಲಸ, ಯಾ ಅಲ್ಲಾಹ್! ನಾಳೆ ಫೋನ್ ಮಾಡಿ ಹೇಳಿದರಾಯಿತು ಎಂದು ಹೋದವನು ಮರೆತೇಬಿಟ್ಟ.

ಶುಕ್ರವಾರ ಕಂಪ್ಯೂಟರು ಕಮಾಲಾಕನ ಹೆಸರನ್ನು ಅವಧಿ ಮುಗಿದವರ ಸಾಲಿಗೆ ಸೇರಿಸಿತು. ರಜೆಯ ಪಾಳಿಯ ಹೊಸ ಡಾಕ್ಟರು ಅದನ್ನು ನೋಡಿ ಮನೆಗೆ ಕಳಿಸಿದರು. ಮಿಸ್ಬಾಹನ ಫೋನಿನಲ್ಲಿ ಕಮಾಲಾಕನ ಒಂದು ಮಿಸ್ಡ್ ಕಾಲ್ ಉಳಿಯಿತು, ಮಧ್ಯಾಹ್ನ ಒಂದೂ ಇಪ್ಪತ್ತರದ್ದು. ಶನಿವಾರ ಸುಬಹಿ ನಮಾಜಿಗೆ ಹೆಂಡತಿ ಎಬ್ಬಿಸಿದಾಗ ಕಮಾಲಾಕ ಏಳಲಿಲ್ಲ.

*

ಕಾಗದಪತ್ರವೆಲ್ಲ ಮುಗಿದು ಸೋಮವಾರ, ಸಂಜೆಯ ಅಸರ್ ನಮಾಜಿನ ಬಳಿಕ ದಫನ್ ಮಾಡಿದರು. ಮೂರನೆಯ ಹಿಡಿ ಮಣ್ಣು ಹಾಕುವಾಗ ಕಿವಿಯ ಪಕ್ಕದಲ್ಲೇ ಕೇಳಿಸಿತು: "ಬದಲಿಸಿದ್ಯಾ?" ಮಿಸ್ಬಾಹ್ ತಿರುಗಿ ನೋಡಲಿಲ್ಲ. ಎರಡು ದಿನದಿಂದ ಕಮಾಲಾಕನ ಇದೇ ಸ್ವರ, ಸಿಗ್ನಲ್ಲಿನಲ್ಲಿ ಕಾರು ನಿಂತರೂ, ನಮಾಜಿಗೆ ಮುಂಚೆ ವುಝೂಗೆ ನಳ್ಳಿ ತಿರುಗಿಸಿದರೂ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅದು ಬೈಯುತ್ತಿರಲಿಲ್ಲ, ಆಫೀಸಿನಲ್ಲಿ ಕೇಳುತ್ತಿದ್ದಂತೆಯೇ ಕೇಳುತ್ತಿತ್ತು.

ಮನೆಯಲ್ಲಿ ಕಮಾಲಾಕನ ಹೆಂಡತಿ ಬದ್ರುನ್ನಿಸಾ, ವಿಧವೆಯರು ಹೊರಗಿನವರೆದುರು ಬಾರದ ಇದ್ದತ್ತಿನ ಪರದೆಯ ಹಿಂದೆ ಕೂತಿದ್ದಳು.

"ಮಿಸ್ಬಾಹ್, ನೀನು ಅಲ್ಲಿಯವನಲ್ವಾ, ನೀನೇ ಹೇಳು. 'ಬೇಜಾರಾಯ್ತು, ನಾನೇ ಎದ್ದು ಬಂದೆ, ಯಾರನ್ನೂ ಎಂತ ಕೇಳ್ಬೇಡ' ಅಂದ್ರು. ನಾನೊಬ್ಳು ಇದ್ದೇನೆ ಅಂತ ನೆನಪೇ ಆಗ್ಲಿಲ್ವಾ ಇವರಿಗೆ? ಎಲ್ಲರೂ ಮಾಫ್ ಮಾಡು ಮಾಡು ಅಂತಾರೆ. ಹೇಗೆ ಮಾಡ್ಲಿ?"

ಮಿಸ್ಬಾಹನ ಕೈ ಜೇಬಿನ ಪಟ್ಟಿಗೆ ಹೋಯಿತು. ಯಾರನ್ನೂ ಕೇಳಬೇಡವಂತೆ! ಕೈಯಲ್ಲಿ ಹಳದಿ ಹಾಗೇ ಉಳಿದದ್ದು ಕಂಡಾಗಲೇ ಕಮಾಲಾಕನಿಗೆ ಎಲ್ಲ ತಿಳಿದಿತ್ತು. ಶಿಷ್ಯನ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡು ಹೋಗಿದ್ದರು. ಈಗ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

"ಅವರು ಬಂದದ್ದಲ್ಲ ದೀದಿ, ಕಳಿಸಿದ್ದು," ಎಂದು ಅವನು ಪಟ್ಟಿ ಹೊರತೆಗೆದ. "ಡಾಕ್ಟರು ದಾಖಲಿಸ್ಲಿಕ್ಕೇ ಬರೆದಿದ್ರು. ಇದು ಬಿಳಿ ಆಗ್ಬೇಕಿತ್ತು. ಬದಲಿಸ್ಲಿಕ್ಕೆ ಮರೆತದ್ದು ನಾನು."

ಆಶಿಕ್ ಎದ್ದು ನಿಂತ. ಮಿಸ್ಬಾಹ್ ಬಗ್ಗಿ ಪಟ್ಟಿಯನ್ನು ಪರದೆಯ ಬುಡದಲ್ಲಿಟ್ಟ. ಆಮೇಲೆ ಒಂದು ಕೈ ಬಂದು ಅದನ್ನು ಮುಟ್ಟಿತು.

"ಬೈದೆನಲ್ಲಾ... ಕೊನೇ ರಾತ್ರಿ ಇಡೀ ಇವರನ್ನು ಬೈದೆನಲ್ಲಾ!" ಬದ್ರುನ್ನಿಸಾ ಗೋಳೋ ಎಂದು ಅತ್ತಳು.

ಪರದೆಯ ಅಂಚಿನಲ್ಲಿ ಅವಳ ಬೆರಳುಗಳು ಕತ್ತರಿಸಿದ ಪಟ್ಟಿಯ ಎರಡು ತುದಿಗಳನ್ನು ಜೋಡಿಸಲು ನೋಡುತ್ತಿದ್ದವು.