ಗಿರಿಜಾಂಬಿಕಾ ಮೇಡಂ ಅವರ ಬಲಮಂಡಿ

ಗಿರಿಜಾಂಬಿಕಾ ಮೇಡಂ ನಡೆದು ಬರುತ್ತಿದ್ದರೆ ಯಾರೋ ಅಡಿಪಟ್ಟಿ ಇಟ್ಟು ಗೆರೆ ಎಳೆಯುತ್ತಿದ್ದಾರೆ ಅನ್ನಿಸುತ್ತಿತ್ತು. ತಿಪಟೂರಿನ ನಮ್ಮ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿದ ಅವರು ಗಂಜಿ ಹಾಕಿದ ಕೈಮಗ್ಗದ ಸೀರೆಯ ನೆರಿಗೆ ಅಲುಗದಂತೆ, ಎಡಬಲ ನೋಡದೆ, ಪ್ರಾರ್ಥನೆಯ ಗಂಟೆಗೆ ಸರಿಯಾಗಿ ಐದು ನಿಮಿಷ ಮೊದಲು ಗೇಟು ದಾಟುತ್ತಿದ್ದರು. ಮಾತಿನ ಕೊನೆಗೊಂದು ‘ಸರಿಯೇ?’ ಸೇರಿಸಿ, ಉತ್ತರ ಬರುವವರೆಗೆ ಕದಲದೆ ನಿಲ್ಲುವುದು ಅವರ ಅಭ್ಯಾಸ. ‘ಶನಿವಾರದ ಸ್ಪೆಷಲ್ ಕ್ಲಾಸು ನೀವೇ ತಗೋತೀರಿ, ಸರಿಯೇ?’ ಎಂದು ಅವರು ಎದುರು ನಿಂತರೆ ಇಲ್ಲವೆನ್ನುವ ಧೈರ್ಯ, ಕನ್ನಡದ ಮೇಷ್ಟ್ರಾಗಿದ್ದ ನನಗೆ ಒಮ್ಮೆಯೂ ಬರಲಿಲ್ಲ. ಅವರು ಮದುವೆಯಾಗಿರಲಿಲ್ಲ. ಅವರ ಮನೆಗೂ ನಮ್ಮ ಮನೆಗೂ ನಡುವೆ ಎದೆಯೆತ್ತರದ ಒಂದು ಗೋಡೆ ಮಾತ್ರ ಇತ್ತು.

ಆ ಮನೆಯ ಹಿತ್ತಲಿಗೆ ಇಪ್ಪತ್ತೆರಡು ವರ್ಷಗಳಿಂದ ಮರಿಯಮ್ಮ ಬರುತ್ತಿದ್ದರು. ಪಾತ್ರೆ, ಬಟ್ಟೆ, ಬಿದ್ದ ತೆಂಗಿನ ಗರಿ, ಎಲ್ಲ ಕೆಲಸವೂ ಹಿತ್ತಲಲ್ಲೇ. ಅಡುಗೆಮನೆಯ ಹೊಸ್ತಿಲನ್ನು ಅವರು ದಾಟಿದ್ದಿಲ್ಲ. ಅವರದೊಂದು ಲೋಟ ತೊಟ್ಟಿಯ ಕಟ್ಟೆಯ ಮೇಲೆ ಬೋರಲಾಗಿ ಇರುತ್ತಿತ್ತು. ಮೇಡಂ ಮೇಲಿನಿಂದ ಕಾಫಿ ಹೊಯ್ಯುತ್ತಿದ್ದರು, ಮರಿಯಮ್ಮ ಕುಡಿದು, ತೊಳೆದು, ಬೋರಲು ಹಾಕುತ್ತಿದ್ದರು. ಇದೇ ಮೇಡಂ ಮರಿಯಮ್ಮನ ಮಗಳು ವನಿತಾಳನ್ನು ಸಂಜೆ ಸಂಜೆ ಜಗಲಿಯ ಮೇಲೆ ಕೂರಿಸಿಕೊಂಡು, ಬೀಜಗಣಿತವನ್ನು ಅಕ್ಷರ ತಿದ್ದಿಸಿದಂತೆ ತಿದ್ದಿಸಿ, ಎಸೆಸೆಲ್ಸಿಯಲ್ಲಿ ನೂರಕ್ಕೆ ತೊಂಬತ್ತೆರಡು ತೆಗೆಯುವಂತೆ ಮಾಡಿದರು. ಮಳೆ ಬಂದರೆ ಮಾತ್ರ ಪಾಠ ನಿಲ್ಲುತ್ತಿತ್ತು. ಒಳಗೆ ಏಕೆ ಕೂರಬಾರದೆಂದು ಯಾರೂ ಕೇಳಲಿಲ್ಲ. ಗೋಡೆಯ ಈಚೆಯಿದ್ದ ನಾನೂ ಕೇಳಲಿಲ್ಲ.

ಎರಡು ಸಾವಿರದ ನಾಲ್ಕರಲ್ಲಿ, ನಿವೃತ್ತಿಯಾದ ಮೂರನೆಯ ವರ್ಷ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಮೇಡಂ ಅವರ ಸವೆದ ಬಲಮಂಡಿಗೆ ಕೃತಕ ಕೀಲು ಕೂರಿಸಿದರು. ತುರುವೇಕೆರೆಯಿಂದ ತಮ್ಮನ ಹೆಂಡತಿ ಯಮುನಾ ಬಂದು, ಹತ್ತು ದಿನ ಆರೈಕೆ ಮಾಡಿ ಹಿಂದಿರುಗಿದರು. ಮಾರನೆಯ ಬೆಳಿಗ್ಗೆಯೇ ಬಚ್ಚಲಿಗೆ ಹೊರಟಿದ್ದ ಮೇಡಂ ವಾಕರ್ ಜಾರಿ ಗೋಡೆಗೊರಗಿದಂತೆ ಕುಸಿದರು. ಸದ್ದು ಕೇಳಿ ಓಡಿಬಂದ ಮರಿಯಮ್ಮ ಹೊಸ್ತಿಲಲ್ಲೇ ನಿಂತು, ‘ಒಳೀಕ್ ಬರ್ಲಾ ಅಮ್ಮಾವ್ರೇ?’ ಎಂದರಂತೆ.

‘ಬಿದ್ದವಳು ನಾನು, ಅಪ್ಪಣೆ ಕೇಳುತ್ತಾ ನಿಂತವಳು ಅವಳು,’ ಎಂದು ಮೇಡಂ ಬಹಳ ದಿನಗಳ ಮೇಲೆ ನನ್ನೊಡನೆ ಹೇಳಿಕೊಂಡರು. ‘ಬಾ ಅನ್ನೋದಕ್ಕೆ ನನಗೆ ಎಷ್ಟು ಹೊತ್ತು ಹಿಡೀತು ಗೊತ್ತೇನ್ರೀ, ಮೇಷ್ಟ್ರೇ?’

ಅಂದಿನಿಂದ ಎರಡು ತಿಂಗಳು ಮೇಡಂ ಅವರ ದೇಹ ಮರಿಯಮ್ಮನ ಕೈಯಲ್ಲಿತ್ತು. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ, ಹೊಲಿಗೆಯ ಗಾಯದ ಮೇಲೆ ನೀರು ಬೀಳದಂತೆ ಸ್ನಾನ ಮಾಡಿಸುವುದು, ಬಿಗಿಯಾದ ಕಾಲುಚೀಲವನ್ನು ಹಿಮ್ಮಡಿಯಿಂದ ತೊಡೆಯವರೆಗೆ ಇಷ್ಟಿಷ್ಟೇ ಏರಿಸುವುದು, ಐಸ್‌ಕ್ಯಾಂಡಿ ಅಂಗಡಿಯ ಮಂಜುಗಡ್ಡೆಯನ್ನು ಟವೆಲಿನಲ್ಲಿ ಸುತ್ತಿ ಊದಿದ ಮಂಡಿಗೆ ಒತ್ತುವುದು. ಎಲ್ಲಕ್ಕಿಂತ ಕಠಿಣವಾದದ್ದು ಮಂಡಿ ಮಡಚಿಸುವುದು. ತಿಂಗಳೊಳಗೆ ತೊಂಬತ್ತು ಡಿಗ್ರಿ ಬಾಗಲೇಬೇಕೆಂದು ಡಾಕ್ಟರು ಹೇಳಿದ್ದರು; ಜೀವಮಾನವೆಲ್ಲ ಲಂಬಕೋನ ಬರೆಸಿದ ಮೇಡಂ ಎಪ್ಪತ್ತಕ್ಕೇ ಕಣ್ಣೀರಿಡುತ್ತಿದ್ದರು.

‘ಸಾಕು ಬಿಡೇ, ಪ್ರಾಣ ಹೋಗುತ್ತೆ!’

‘ಅದೇನ್ ಡಿಗ್ರಿನೋ ನಂಗೊತ್ತಿಲ್ಲ ಕಣ್ರಮ್ಮ. ಹಿಮ್ಮಡಿ ಮಂಚದ್ ಕೆಳೀಕ್ ಹೋಗ್ಬೇಕು, ಅಷ್ಟೇಯ. ಬೇಕಾದ್ರೆ ನನ್ನ ಬೈರಿ, ಬೈಕೊಂಡೇ ಮಡಚ್ರಿ.’

ಗೋಡೆಯಾಚೆಯಿಂದ ಇದನ್ನೆಲ್ಲ ಕೇಳುತ್ತಿದ್ದ ನಾನು, ಒಂದು ದಿನ ಮೇಡಂ ಗಟ್ಟಿಯಾಗಿ ನಗುವುದನ್ನು ಕೇಳಿದೆ. ಮೂವತ್ತು ವರ್ಷದ ಪರಿಚಯದಲ್ಲಿ ಆ ಧ್ವನಿ ನನಗೆ ಹೊಸದು. ಹಿಮ್ಮಡಿ ಮಂಚದ ಕೆಳಗೆ ಹೋಗಿತ್ತು! ಆ ಸಂಜೆ ನಾನು ಹೋದಾಗ ಮರಿಯಮ್ಮ ಅಡುಗೆಮನೆಯಲ್ಲಿ ಮಣೆಯ ಮೇಲೆ ಕೂತು, ಗೋಡೆಯ ಗೂಡಿನಲ್ಲಿಡುತ್ತಿದ್ದ ಮೇಡಂ ಮನೆಯ ಲೋಟದಲ್ಲೇ ಕಾಫಿ ಕುಡಿಯುತ್ತಿದ್ದರು. ಮೇಡಂ ಒಂದು ಕೈಯಲ್ಲಿ ವಾಕರ್ ಹಿಡಿದು ನಿಂತು ಅವರ ಲೋಟಕ್ಕೆ ಇನ್ನಷ್ಟು ಬಗ್ಗಿಸುತ್ತಿದ್ದರು.

ಮೂರನೆಯ ತಿಂಗಳು ಮೇಡಂ ಊರುಗೋಲಿನ ಆಸರೆಯಲ್ಲಿ ಗೇಟಿನವರೆಗೆ ನಡೆದರು. ಅದರ ಮುಂದಿನ ಭಾನುವಾರ ಯಮುನಾ ಮತ್ತು ಹಾಲ್ಕುರಿಕೆಯ ನೆಂಟರು ನೋಡಲು ಬಂದರು. ನನ್ನನ್ನೂ ತಿಂಡಿಗೆ ಕರೆದಿದ್ದರು. ಅಡುಗೆಮನೆಗೆ ಬರಲಿದ್ದ ಮರಿಯಮ್ಮನನ್ನು ನೋಡಿ ಮೇಡಂ ತಗ್ಗಿದ ದನಿಯಲ್ಲಿ ಹೇಳಿದ್ದು ಒಂದೇ ಮಾತು: ‘ಇವತ್ತೊಂದಿನ ಹಿತ್ತಲ ಕಡೆ ಇರು.’ ತುಸು ಹೊತ್ತಿನ ಮೇಲೆ, ತೊಟ್ಟಿಯ ಕಟ್ಟೆಯ ಮೇಲಿದ್ದ ಹಳೆಯ ಲೋಟಕ್ಕೆ ಅವರು ಮೇಲಿನಿಂದ ಕಾಫಿ ಹೊಯ್ದದ್ದನ್ನು ಬಾಗಿಲ ಸಂದಿನಿಂದ ನಾನು ನೋಡಿದೆ. ನೋಡಿ, ತಟ್ಟೆಯಲ್ಲಿದ್ದ ಉಪ್ಪಿಟ್ಟನ್ನು ಮುಗಿಸಿದೆ. ಮರಿಯಮ್ಮ ಕುಡಿದು, ಲೋಟ ತೊಳೆದಿಟ್ಟು, ‘ಬತ್ತೀನ್ರಮ್ಮ’ ಎಂದು ಹೊರಟರು. ಮಾರನೆಯ ದಿನ ಬರಲಿಲ್ಲ. ಆ ವಾರವೆಲ್ಲ ಬರಲಿಲ್ಲ.

ಎಂಟನೆಯ ದಿನ ಮೇಡಂ ನನ್ನನ್ನು ಕರೆದುಕೊಂಡು ಆಟೋದಲ್ಲಿ ರೈಲ್ವೆ ಹಳಿಯಾಚೆಯ ಕಾಲೋನಿಗೆ ಹೋದರು. ಮರಿಯಮ್ಮ ಅಂಗಳಕ್ಕೆ ಕುರ್ಚಿ ತಂದು ಹಾಕಿ, ‘ಕಾಲು ಇಳಿಬಿಟ್ಕಂಡು ಕೂರ್ಬ್ಯಾಡ್ರಿ, ಊದ್ಕತ್ತದೆ,’ ಎಂದು ಬಲಗಾಲ ಕೆಳಗೊಂದು ಸ್ಟೂಲು ಸರಿಸಿದರು.

‘ಯಾಕೆ ಬರಲಿಲ್ಲ?’ ಎಂದರು ಮೇಡಂ.

‘ಕೊಬ್ಬರಿ ಪುಡಿ ಫ್ಯಾಕ್ಟರೀಗ್ ಸೇರ್ಕಂಡೆ ಕಣ್ರಮ್ಮ.’ ಮರಿಯಮ್ಮ ಸೆರಗಿನಂಚನ್ನು ತಿರುವುತ್ತಾ ಹೇಳಿದರು: ‘ಹಿತ್ತಲಲ್ಲಿದ್ದಾಗ ನಂಗೇನೂ ಅನ್ನಿಸ್ತಿರ್ಲಿಲ್ಲ. ಎಲ್ಲಾ ಕಡೆ ಹಂಗೇಯ. ನೀವು ಒಳೀಕ್ ಕರ್ದು, ತಿರ್ಗಾ ಕಳುಸಿದ್ರಲ್ಲ... ಅದ್ನ ತಡ್ಕಳಾಕ್ ಆಗ್ಲಿಲ್ಲ. ಬುಡಿ. ನೀವು ನಡದ್ರಲ್ಲ, ಅಷ್ಟು ಸಾಕು.’

ಮೇಡಂ ಅವರ ತುಟಿ ಅಲುಗಿತು. ಆದರೆ ಹೊರಬಂದದ್ದು, ವನಿತಾ ಈಗ ಏನು ಓದುತ್ತಿದ್ದಾಳೆ ಎಂಬ ಪ್ರಶ್ನೆ. ಮರಿಯಮ್ಮ ಅದಕ್ಕೂ ವಿನಯದಿಂದಲೇ ಉತ್ತರ ಹೇಳಿದರು. ಹಿಂದಿರುಗುವಾಗ ಲೆವೆಲ್ ಕ್ರಾಸಿಂಗಿನ ಬಳಿ ಮೇಡಂ, ‘ಹೇಳೋಕೆ ಬಂದದ್ದನ್ನು ಹೇಳಲೇ ಇಲ್ಲ,’ ಎಂದರು. ಆಟೋ ತಿರುಗಿಸಲೇ ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿದರು, ನಾನೂ ಒತ್ತಾಯಿಸಲಿಲ್ಲ.

ಮರುವರ್ಷ ಎಡಮಂಡಿಗೂ ಶಸ್ತ್ರಚಿಕಿತ್ಸೆ ಆಗಬೇಕೆಂದು ಡಾಕ್ಟರು ಹೇಳಿದಾಗ ಅವರು ಒಪ್ಪಲಿಲ್ಲ. ನಾನು ಕಾರಣ ಕೇಳಿದೆ. ‘ಈ ಸಲ ಯಾರನ್ನ ಕರೀಲಿ?’ ಎಂದು, ಉತ್ತರಕ್ಕೆ ಕಾಯದೆ ಒಳಗೆ ಹೋದರು. ಕೊನೆಯ ಆರು ವರ್ಷ ಕುಂಟುತ್ತಲೇ ಬದುಕಿದರು.

ಅವರು ಕೆಟ್ಟವರಾಗಿದ್ದರೆ ಇದನ್ನು ಬರೆಯುವುದು ಸುಲಭವಾಗುತ್ತಿತ್ತು. ಗಿರಿಜಾಂಬಿಕಾ ಮೇಡಂ ಸಜ್ಜನರು. ಅವರಂಥ ಸಜ್ಜನರನ್ನು, ಅವರ ಪಕ್ಕದಲ್ಲಿ ಉಪ್ಪಿಟ್ಟು ತಿನ್ನುತ್ತಾ ಕೂತ ನನ್ನಂಥ ಸಜ್ಜನರನ್ನೂ, ನಮ್ಮ ಊರುಗಳು ಧಾರಾಳವಾಗಿ ಹೆತ್ತಿವೆ. ನಾವು ಪಾಠ ಹೇಳುತ್ತೇವೆ, ಕಷ್ಟಕ್ಕೆ ಮರುಗುತ್ತೇವೆ, ನೋವು ಮಿತಿಮೀರಿದರೆ ಬಾಗಿಲನ್ನೂ ತೆರೆಯುತ್ತೇವೆ. ನಾಲ್ಕು ಜನ ನೋಡುತ್ತಿರುವಾಗ ಅದನ್ನು ತೆರೆದೇ ಇಡುವಷ್ಟು ಬಲ ಮಾತ್ರ ನಮಗೆ ಬರಲಿಲ್ಲ.