ಕ್ರೇನಮ್ಮ ತಂದ ಎರಡಂತಸ್ತಿನ ಮಂಚ

ಆಕಾಶದಲ್ಲಿ ಕೂತು ದುಡಿಯುವ ಹೆಂಗಸಿಗೆ ನೆಲದ ಮೇಲಿನ ಒಂದು ಮಂಚ ಆರಿಸುವುದು ಇಷ್ಟು ಕಷ್ಟವಾದೀತೆಂದು ಯಾರು ಕಂಡಿದ್ದರು. ಕಟ್ಟಡದ ಕೆಲಸದವರೆಲ್ಲ ಅವಳನ್ನು ಕ್ರೇನಮ್ಮ ಎಂದೇ ಕರೆಯುತ್ತಿದ್ದರು. ಬೆಳಗಾಗುತ್ತಲೇ ಉದ್ದದ ಏಣಿ ಹತ್ತಿ, ಮಂಜಿಗಿಂತ ಮೇಲಿದ್ದ ಕ್ರೇನಿನ ಗಾಜಿನ ಗೂಡಿನಲ್ಲಿ ಕೂತರೆ ಕೆಳಗೆ ಊರು ಇದೆಯೋ ಇಲ್ಲವೋ ಎಂಬಂತಿರುತ್ತಿತ್ತು. ಮಂಜು ತೆಳುವಾದಂತೆ ಒಂದೊಂದೇ ಮಾಳಿಗೆ, ಬಟ್ಟೆ ಒಣಗಿಸುವ ಒಂದೊಂದೇ ಹಗ್ಗ ಮೇಲೆದ್ದು ಬರುತ್ತಿತ್ತು. ಕೊನೆಗೆ ಹೊಳೆಯಾಚೆ ಒಂದು ಕೆಂಪು ಹೆಂಚಿನ ಮನೆ. ಅಲ್ಲಿ ಅವಳ ಅಕ್ಕ ಇದ್ದಳು. ಅಕ್ಕನ ಜೊತೆ ಕ್ರೇನಮ್ಮನ ಚಿಕ್ಕ ಮಗಳು ಗುಬ್ಬಿ ಇದ್ದಳು.

ಗುಬ್ಬಿ ಅಲ್ಲಿಗೆ ಹೋದದ್ದು ಸ್ವಲ್ಪ ದಿನದ ಮಟ್ಟಿಗೆ. ಅಮ್ಮ ಹಗಲೆಲ್ಲ ಆಕಾಶದಲ್ಲಿ. ಅಪ್ಪ ರಾತ್ರಿಯೆಲ್ಲ ಬೇಕರಿಯ ಒಲೆಯ ಮುಂದೆ, ಹಗಲೆಲ್ಲ ಹುಬ್ಬಿನಲ್ಲಿ ಹಿಟ್ಟು ಮೆತ್ತಿಕೊಂಡು ಗೊರಕೆಯಲ್ಲಿ. ದೊಡ್ಡ ಮಗಳು ಶಾಲೆಗೆ. ಅಂಬೆಗಾಲಿಡುವ ಕೂಸನ್ನು ನೋಡಿಕೊಳ್ಳುವವರು ಯಾರು? ಅಕ್ಕನಿಗೆ ಮಕ್ಕಳಿರಲಿಲ್ಲ, ಅಂಗಳವಿತ್ತು. ನೋಡನೋಡುತ್ತ ಸ್ವಲ್ಪ ದಿನವೆಂಬುದು ವರ್ಷಗಳಾಗಿ ಕೂತಿತು. ಈಗ ಗುಬ್ಬಿಗೆ ಶಾಲೆಗೆ ಸೇರುವ ವಯಸ್ಸು. ಈಗಲೂ ಕರೆತರದಿದ್ದರೆ ಅಲ್ಲೇ ಶಾಲೆ, ಅಲ್ಲೇ ಗೆಳತಿಯರು. ಆಮೇಲೆ ಹೆತ್ತವರ ಮನೆಯೇ ಅವಳಿಗೆ ನೆಂಟರ ಮನೆ. ಈ ವರ್ಷ ಕರೆದೊಯ್ಯಲೇಬೇಕೆಂದು ಕ್ರೇನಮ್ಮ ಅಕ್ಕನಿಗೆ ಹೇಳಿದ್ದಳು.

"ನಿನ್ನ ಮಗಳನ್ನ ನಾನೇನು ಕಟ್ಟಿಹಾಕ್ಕೊಂಡಿಲ್ಲ," ಎಂದಿದ್ದಳು ಅಕ್ಕ. "ಆದ್ರೆ ಆ ಬೆಂಕಿಪೊಟ್ಟಣದಲ್ಲಿ ಎಲ್ಲಿ ಮಲಗಿಸ್ತೀಯ? ಮೊದ್ಲು ಅವಳಿಗೊಂದು ಜಾಗ ಮಾಡು."

ಅಕ್ಕನ ಮಾತಿನಲ್ಲಿ ಸುಳ್ಳಿರಲಿಲ್ಲ. ಮಕ್ಕಳ ಕೋಣೆಯೆಂದರೆ ಬಾಗಿಲು ತೆರೆದರೆ ಬೀರುವಿಗೆ ಬಡಿಯುವ, ಬೀರು ತೆರೆದರೆ ಬಾಗಿಲು ಮುಚ್ಚಬೇಕಾದ ಒಂದು ಮೂಲೆ. ದೊಡ್ಡವಳ ಮಂಚ ಇಟ್ಟ ಮೇಲೆ ಇನ್ನೊಂದು ದಿಂಬಿಗೂ ಜಾಗವಿರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ಇಲ್ಲಿ ಹಾಸಿಗೆಯನ್ನೇ ಚಾಚಲು ಸ್ಥಳವಿಲ್ಲ. ಅಗಲಕ್ಕೆ ಜಾಗವಿಲ್ಲದವರು ಎತ್ತರಕ್ಕೆ ಹೋಗಬೇಕೆಂಬುದನ್ನು ಕ್ರೇನಮ್ಮನಿಗೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ಹೀಗೆ ಶುರುವಾಯಿತು ಎರಡಂತಸ್ತಿನ ಮಂಚದ ಬೇಟೆ.

ಅಬ್ಬಬ್ಬ, ಅವಳು ನೋಡದ ಅಂಗಡಿಯಿಲ್ಲ, ಅಲುಗಾಡಿಸದ ಕಂಬವಿಲ್ಲ. ಒಂದರ ಕಟಕಟೆ ಗಿಡ್ಡ, ಮೇಲೆ ಹಾಸಿಗೆ ಹಾಸಿದರೆ ಇನ್ನೂ ಗಿಡ್ಡ. ಹೊರಳಿದ ಮಗು ನೇರ ನೆಲಕ್ಕೆ. ಇನ್ನೊಂದರ ಸರಳುಗಳ ನಡುವೆ ತಲೆ ಸಿಕ್ಕಿಕೊಳ್ಳುವಷ್ಟು ಸಂದು. ಮತ್ತೊಂದರ ಏಣಿಯ ಮೆಟ್ಟಿಲುಗಳು ಉರುಟು, ಬರಿಗಾಲು ಜಾರುವುದು ಖಂಡಿತ. ಒಂದಂತೂ ಗಟ್ಟಿ ಮರದ್ದು, ಆನೆ ಮಲಗಿದರೂ ಕಿರ್ರೆನ್ನದು. ಆದರೆ ಮನೆಗೆ ತಂದರೆ ಮೂಗಿಗಿಂತ ಮೂಗುತಿ ಭಾರ, ಫ್ಯಾನಿಗೂ ಮೇಲೆ ಮಲಗಿದವರ ತಲೆಗೂ ಗುದ್ದಾಟ. ಅಂಗಡಿಯವರು ಬಣ್ಣ ತೋರಿಸುತ್ತಿದ್ದರು, ಇವಳು ಮಂಡಿಯೂರಿ ಬೋಲ್ಟು ನೋಡುತ್ತಿದ್ದಳು.

"ನೀನು ಮಂಚ ನೋಡೋಕೆ ಹೋಗಿದ್ಯೋ, ಅಳಿಯನ್ನ ನೋಡೋಕೆ ಹೋಗಿದ್ಯೋ?" ಎಂದ ಬೇಕರಿಯ ಗಂಡ, ಹೊದಿಕೆಯೊಳಗಿನಿಂದಲೇ.

"ಅಳಿಯ ಸರಿಯಿಲ್ದೇ ಇದ್ರೆ ಮಗಳು ವಾಪಸ್ ಬರ್ತಾಳೆ," ಎಂದಳು ಅವಳು. "ಮಂಚ ಸರಿಯಿಲ್ದೇ ಇದ್ರೆ ಮಗಳು ವಾಪಸ್ ಹೋಗ್ತಾಳೆ."

ಅವನಿಗೆ ನಗು ಬರಲಿಲ್ಲ. ಮಗ್ಗುಲು ಬದಲಿಸಿ ಹೊದಿಕೆ ಎಳೆದುಕೊಂಡ.

ಅವಳ ಕೆಲಸದಲ್ಲಿ ಒಂದು ಪದ್ಧತಿಯಿದೆ. ಯಾವ ಹೊರೆಯನ್ನೂ ಒಂದೇ ಏಟಿಗೆ ಮೇಲಕ್ಕೆ ಒಯ್ಯುವುದಿಲ್ಲ. ಮೊದಲು ನೆಲದಿಂದ ಒಂದು ಗೇಣು ಎತ್ತಿ ನಿಲ್ಲಿಸಬೇಕು. ವಾಲುತ್ತದೆಯೋ, ಕಟ್ಟಿದ ಹಗ್ಗ ಜಾರುತ್ತದೆಯೋ ನೋಡಬೇಕು. ಅನುಮಾನ ಬಂದರೆ ಇಳಿಸಿ, ಬಿಚ್ಚಿ, ಮತ್ತೆ ಕಟ್ಟಿ, ಆಮೇಲೆ ಎತ್ತಬೇಕು. ಹೀಗೆ ಮಾಡಿಯೇ ಇಷ್ಟು ವರ್ಷ ಅವಳು ಯಾರ ತಲೆಯ ಮೇಲೂ ಒಂದು ಇಟ್ಟಿಗೆ ಬೀಳಿಸಿರಲಿಲ್ಲ. ಆ ಪದ್ಧತಿ ಅವಳ ಜೊತೆ ಏಣಿಯಿಳಿದು ಮನೆಗೂ ಬಂದಿತ್ತು. ಗುಬ್ಬಿಯನ್ನೂ ಹಾಗೆಯೇ ಕರೆತರುತ್ತಿದ್ದಳು: ರಜೆ ಸಿಕ್ಕಾಗ ಒಂದು ರಾತ್ರಿ ತನ್ನ ಪಕ್ಕ ಮಲಗಿಸಿಕೊಂಡು, ಹೇಗಿರುತ್ತಾಳೆ ನೋಡಿ, ಮಾರನೆಯ ದಿನ ವಾಪಸ್. ಒಮ್ಮೆ ಮಗು ನಿದ್ದೆಯಲ್ಲಿ ಉರುಳಿ ಗೋಡೆಗೆ ತಲೆ ಬಡಿಸಿಕೊಂಡಿತು. ಇನ್ನೊಮ್ಮೆ ದೊಡ್ಡಮ್ಮ ಬೇಕೆಂದು ಅತ್ತಿತು. ಇನ್ನೂ ಸ್ವಲ್ಪ ಸರಿಯಾಗಲಿ ಎಂದುಕೊಂಡು ಪ್ರತಿ ಸಲವೂ ಹೊಳೆಯಾಚೆಗೆ ಬಿಟ್ಟು ಬರುತ್ತಿದ್ದಳು. ಬಿಟ್ಟು ಬರುವಾಗ ಬಸ್ಸಿನ ಕಿಟಕಿಗೆ ಮುಖ ತಿರುಗಿಸಿ ಅಳುತ್ತಿದ್ದಳು. ಅದನ್ನು ಮಾತ್ರ ಯಾರೂ ನೋಡಿರಲಿಲ್ಲ.

ಕೊನೆಗೆ ಹಳೆಯ ಪೇಟೆಯ ಒಂದು ಗಲ್ಲಿಯಲ್ಲಿ, ಕಪಾಟು ಮೇಜುಗಳ ಹಿಂದೆ ಗೋಡೆಗೊರಗಿ ನಿಂತಿದ್ದ ಒಂದು ಮಂಚ ಕಣ್ಣಿಗೆ ಬಿತ್ತು. ಮಟ್ಟಸ ಮೆಟ್ಟಿಲು, ನಾಲ್ಕೂ ಕಡೆ ಎತ್ತರದ ಕಟಕಟೆ, ಮೊಳೆಯ ಬದಲು ದಪ್ಪ ಬೋಲ್ಟು, ಹಾಸಿಗೆಯ ಕೆಳಗೆ ಒತ್ತಾದ ಪಟ್ಟಿಗಳು. ಅಲುಗಾಡಿಸಿದಳು, ಅಲುಗಲಿಲ್ಲ. ಜೋತುಬಿದ್ದಳು, ಜಪ್ಪಯ್ಯ ಅನ್ನಲಿಲ್ಲ. ಮಲಗಿ ನೋಡ್ತೀನಿ ಎಂದು ಅಂಗಡಿಯವನ ಒಪ್ಪಿಗೆಗೂ ಕಾಯದೆ ಮೇಲಿನ ಅಂತಸ್ತಿಗೆ ಹತ್ತಿದಳು. ಮೇಲೆ ತಂಪಿತ್ತು, ಮರದ ಪುಡಿಯ ವಾಸನೆಯಿತ್ತು. ಬೀದಿಯ ಸದ್ದು ಹೊಳೆಯ ಸದ್ದಿನಂತೆ ದೂರವಾಯಿತು. ನಿದ್ದೆ ಯಾವಾಗ ಹತ್ತಿತೋ ಗೊತ್ತಾಗಲಿಲ್ಲ.

ಕನಸಿನಲ್ಲಿ ಅದೇ ಮಂಚ ಅವಳ ಕ್ರೇನಿನ ಕೊಕ್ಕೆಗೆ ನೇತುಬಿದ್ದು ಊರಿನ ಮೇಲೆ ತೇಲುತ್ತಿತ್ತು. ಮೇಲಿನ ಅಂತಸ್ತಿನಲ್ಲಿ ದೊಡ್ಡವಳು, ಕೆಳಗಿನದರಲ್ಲಿ ಗುಬ್ಬಿ, ಸುತ್ತ ಹಾಲಿನಂಥ ಮಂಜು. ಇಬ್ಬರೂ ಕಾಲು ಇಳಿಬಿಟ್ಟು ಕೂತಿದ್ದರು, ಹೆದರಿಕೆಯೇ ಇಲ್ಲ. ಅವರನ್ನು ಇಳಿಸಲು ಇವಳು ಜಾಗ ಹುಡುಕುತ್ತಿದ್ದಳು. ಮಾಳಿಗೆಗಳ ಮೇಲೆ, ಬೀದಿಗಳ ಮೇಲೆ ಮಂಚ ಸಾಗಿತು. ಎಲ್ಲಿ ಇಳಿಸಹೋದರೂ ಒಂದು ಗೇಣು ಉಳಿದಿರುವಾಗ ಕೈ ನಿಂತುಬಿಡುತ್ತಿತ್ತು. ಮತ್ತೆ ಮೇಲೆ, ಮತ್ತೆ ಮುಂದೆ. ಬಿಸಿಲು ಇಳಿಯುತ್ತ ಬಂದು ಮಕ್ಕಳ ಮುಖ ಮಸುಕಾಗತೊಡಗಿತು.

"ಅಮ್ಮಾ," ಎಂದು ಯಾರೋ ಕರೆದರು. ಅಂಗಡಿಯವನು. "ಇಷ್ಟು ಹೊತ್ತು ನಿದ್ದೆ ಬಂತು ಅಂದ್ರೆ ಮಂಚ ಹಿಡಿಸಿದೆ ಅಂತ ತಾನೇ? ಬಿಚ್ಚಿ ಕಳಿಸ್ಲಾ?"

ಕಣ್ಣೊರೆಸಿಕೊಂಡು ಹೂಂ ಎಂದಳು.

ಲಿಫ್ಟಿನಲ್ಲಿ ಹಿಡಿಸದೆ ಮಂಚ ತುಂಡುತುಂಡಾಗಿ ಮೆಟ್ಟಿಲು ಹತ್ತಿತು. ಮಧ್ಯಾಹ್ನವೆಲ್ಲ ಗಂಡಹೆಂಡತಿ ಸೇರಿ ಜೋಡಿಸಿದರು. ಕಿಟಕಿಯಿಂದ ದೂರ, ಫ್ಯಾನಿನಿಂದ ಓರೆಗೆ. ಬೇಕರಿಯವನನ್ನು ಮೇಲೆ ಹತ್ತಿಸಿ ಕುಣಿ ಎಂದಳು. ಅವನು ನಿಜಕ್ಕೂ ಕುಣಿದ. ದೊಡ್ಡವಳು ನಕ್ಕು ನಕ್ಕು ಬಿಕ್ಕಳಿಸಿದಳು. ಕ್ರೇನಮ್ಮ ಮಾತ್ರ ಕಿವಿಯನ್ನು ಕಂಬಕ್ಕಿಟ್ಟು ಆಲಿಸುತ್ತಿದ್ದಳು. ಮಂಚ ಗಟ್ಟಿಯಿತ್ತು. ಇನ್ನು ಯಾವ ನೆಪವೂ ಉಳಿದಿರಲಿಲ್ಲ. ಆದರೂ ಅಭ್ಯಾಸ ಬಲ ನೋಡಿ, ಅಕ್ಕನಿಗೆ ಫೋನು ಮಾಡಿ ಅವಳು ಹೇಳಿದ್ದು ಇದನ್ನೇ: "ಮಂಚ ಬಂತು. ಒಂದು ರಾತ್ರಿಗೆ ಕಳಿಸು, ಸರಿಹೋಗುತ್ತಾ ನೋಡೋಣ."

"ಇನ್ನೂ ನೋಡೋದೇನಿದೆಯೇ?" ಎಂದಳು ಅಕ್ಕ. "ಸರಿ ಬಿಡು, ಕಳಿಸ್ತೀನಿ."

ಗುಬ್ಬಿ ತನ್ನ ಪುಟ್ಟ ಚೀಲದೊಂದಿಗೆ ಬಂದಳು. ಮಂಚವನ್ನು ಸುತ್ತಿ ನೋಡಿದಳು, ಮುಟ್ಟಿದಳು, ಚೆನ್ನಾಗಿದೆ ಎಂದಳು. ಚಿಕ್ಕವರಿಗೆ ಕೆಳಗಿನದು ಎಂದಾಗ ಹಟ ಮಾಡಲಿಲ್ಲ. ಇಟ್ಟದ್ದನ್ನು ಉಂಡಳು, ಮಲಗು ಎಂದಾಗ ಮಲಗಿದಳು. ಎಷ್ಟು ಜಾಣೆ ನನ್ನ ಮಗಳು ಎಂದು ಕ್ರೇನಮ್ಮ ಹಿಗ್ಗಿ ಹೀರೇಕಾಯಿಯಾದಳು.

ಬೆಳಿಗ್ಗೆ ಪರದೆಯಂಚಿನಿಂದ ಬೆಳಕು ಇಳಿಯುವ ಹೊತ್ತಿಗೆ ಎಬ್ಬಿಸಲು ಹೋದಳು. ಮೇಲೆ ದೊಡ್ಡವಳು ಬಾಯಿ ತೆರೆದು ಮಲಗಿದ್ದಳು. ಕೆಳಗೆ ಹೊದಿಕೆ ಮಡಿಸಿಟ್ಟಿತ್ತು. ಅದರ ಪಕ್ಕ ಗುಬ್ಬಿ ಶೂ ಹಾಕಿಕೊಂಡು, ಸ್ವೆಟರಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಅಮ್ಮ, ನಾನು ರಾತ್ರಿಯೆಲ್ಲ ಹೊರಳಾಡಲೇ ಇಲ್ಲ," ಎಂದಳು ಮೆಲ್ಲಗೆ, ಮೇಲೆ ಮಲಗಿದ್ದ ಅಕ್ಕ ಏಳಬಾರದೆಂದು. "ಅಳಲೂ ಇಲ್ಲ. ಈ ಸಲ ನಾನು ಸರಿಯಾಗಿ ಮಲಗಿದ್ನಾ?"

ಇಷ್ಟು ದಿನ ಕ್ರೇನಮ್ಮ, ತಾನು ಪರೀಕ್ಷಿಸುತ್ತಿದ್ದುದು ಮನೆಯನ್ನು, ಮಂಚವನ್ನು, ತನ್ನನ್ನು ಎಂದುಕೊಂಡಿದ್ದಳು. ಮಗು ಅಂದುಕೊಂಡಿದ್ದೇ ಬೇರೆ. ಪ್ರತಿ ಸಲ ವಾಪಸ್ ಬಿಟ್ಟಾಗಲೂ ಆ ಪುಟ್ಟ ಜೀವ ತಾನೇ ಏನೋ ತಪ್ಪು ಮಾಡಿದೆನೆಂದು ಲೆಕ್ಕ ಹಾಕಿತ್ತು. ಅವಳಿಗೆ ತನ್ನ ಮೇಲೆ ತಡೆಯಲಾರದ ಸಿಟ್ಟು ಬಂತು, ನಾಚಿಕೆಯೂ ಬಂತು. ಮಗಳ ಮುಂದೆ ನೆಲದ ಮೇಲೆ ಕೂತಳು.

"ಚಿನ್ನ, ನಿನ್ನದೇನೂ ತಪ್ಪಿರ್ಲಿಲ್ಲ. ಯಾವತ್ತೂ ಇರ್ಲಿಲ್ಲ. ಇನ್ನು ನೀನು ಇಲ್ಲೇ. ವಾಪಸ್ ಕಳಿಸಲ್ಲ."

ಗುಬ್ಬಿ ಅವಳನ್ನೇ ನೋಡಿದಳು. "ನಾನು ಅತ್ರೂ?"

"ಅತ್ರೂ."

"ಮಂಚ ಮುರಿದುಹೋದ್ರೂ?"

"ಮುರಿದ್ರೆ ಮುರೀಲಿ. ಎಲ್ರೂ ನೆಲದ ಮೇಲೆ ಹಾಸ್ಕೊಂಡು ಮಲಗೋಣ."

ಗುಬ್ಬಿ ಯೋಚಿಸಿದಳು. ಅವಳ ಹುಬ್ಬು ಅವಳಪ್ಪನ ಹುಬ್ಬಿನಂತೆಯೇ ಗಂಟಿಕ್ಕಿತು.

"ನೆಲದ ಮೇಲೂ ಆಗುತ್ತೆ ಅಂದ್ರೆ, ಮಂಚ ಬರೋ ತನಕ ನನ್ನನ್ನ ಯಾಕೆ ಕಾಯಿಸಿದೆ?"

ಕ್ರೇನಮ್ಮನಿಗೆ ಅಳು ಬಂತು. ಈ ಸಲ ಮುಖ ತಿರುಗಿಸಿಕೊಳ್ಳಲು ಜಾಗವೂ ಇರಲಿಲ್ಲ, ಅಷ್ಟು ಸಣ್ಣ ಕೋಣೆ. ಗುಬ್ಬಿ ಚೀಲವನ್ನು ದಿಂಬಿನ ಪಕ್ಕಕ್ಕೆ ಸರಿಸಿ, ಒಂದು ಕಾಲಿನ ಶೂ ತಾನೇ ಕಳಚಿ, ಇನ್ನೊಂದು ಕಾಲನ್ನು ಅಮ್ಮನ ಮಡಿಲಿಗೆ ಚಾಚಿದಳು.

"ಇದರ ದಾರ ಗಂಟಾಗಿದೆ," ಎಂದಳು. "ನೀನೇ ಬಿಚ್ಚು."